ಶಿವಕ್ಕನ ಮೂಗೂ ಲೊರೆಟ್ಟಾಳ ಹಾಲಿನ ಬಕೆಟ್ಟೂ

ಹಿಂದಿನ ಕಾಲದಲ್ಲಾಗಿದ್ದರೆ ಶಿವಕ್ಕನ ಮೂಗಿಗೆ ಒಂದು ಶಾಸನ ಕೆತ್ತಿಸಿ ಊರ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ‘ಘ್ರಾಣಚಕ್ರೇಶ್ವರಿ, ಮುಸುರೆಗೆ ಮೃತ್ಯು, ಜಿಡ್ಡುಲೋಟಗಳ ಎದೆಶೂಲ’ ಎಂದು ಬಿರುದುಗಳನ್ನು ಸಾಲಾಗಿ ಕೊರೆದು, ಮೇಲೊಬ್ಬ ಸೂರ್ಯ, ಒಬ್ಬ ಚಂದ್ರ, ನಡುವೆ ಒಂದು ಮೂಗು. ಆದರೆ ಶಿವಕ್ಕ ಇದ್ದದ್ದು ವರ್ಜೀನಿಯಾದ ಫೇರ್‌ಫ್ಯಾಕ್ಸಿನಲ್ಲಿ. ಅಲ್ಲಿ ಮನೆ ಮುಂದಿನ ಅಂಚೆಡಬ್ಬಿಯ ಬಣ್ಣ ಬದಲಿಸುವುದಕ್ಕೂ ಬಡಾವಣೆಯ ಸಂಘದ ಒಪ್ಪಿಗೆ ಬೇಕು. ಶಾಸನಕ್ಕೆ ಯಾರು ಒಪ್ಪುತ್ತಾರೆ? ಹಾಗಾಗಿ ಕೀರ್ತಿ ಬಾಯಿಂದ ಬಾಯಿಗೆ ಹಬ್ಬಿತು, ಹಬ್ಬಿದಷ್ಟೂ ದಪ್ಪವಾಯಿತು.

ಅಸಲಿ ಸಂಗತಿ ಬಹಳ ಸಣ್ಣದು. ಯಾರು ಯಾವ ಪಾತ್ರೆ ಕೊಟ್ಟರೂ ಶಿವಕ್ಕ ಅದನ್ನು ಮೊದಲು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಯುಗಾದಿಯ ಊಟದಲ್ಲಿ ಅಲಮೇಲು ಪಾಯಸ ಬಡಿಸಲು ಲೋಟ ಕೊಟ್ಟಾಗಲೂ ಹಾಗೇ ಹಿಡಿದರು. ಹುಬ್ಬು ಒಂದು ನೂಲಿನಷ್ಟು ಮೇಲೆದ್ದಿತು. ಅಲಮೇಲು ಅಲ್ಲೇ ಕುಸಿದರು.

“ಅಯ್ಯೋ ಶಿವಕ್ಕ, ಬೆಳಿಗ್ಗೆ ಅದರಲ್ಲಿ ಮಜ್ಜಿಗೆ ಇತ್ತು ಕಣ್ರೀ. ಬರೀ ನೀರಲ್ಲಿ ಅಲ್ಲಾಡ್ಸಿ ಇಟ್ಬಿಟ್ಟೆ. ಕೊಡಿ ಇಲ್ಲಿ, ಕೊಡಿ!”

ಅಂದಿನಿಂದ ಮಾತು ಬೆಳೆಯಿತು. ಶಿವಕ್ಕ ಲೋಟ ಮೂಸಿ ಅದರಲ್ಲಿ ಮೂರು ದಿನದ ಹಿಂದೆ ಏನಿತ್ತೆಂದು ಹೇಳುತ್ತಾರಂತೆ ಎಂದರು. ಹಾಲು ಯಾವ ಅಂಗಡಿಯದೆಂದೂ ಹೇಳುತ್ತಾರಂತೆ. ಪಕ್ಕದೂರು ರೆಸ್ಟನ್ನಿನ ಶೇಷಾದ್ರಿಯವರಂತೂ, ತಮ್ಮ ಮನೆಯಲ್ಲಿ ಹಾಲು ಸೀದದ್ದನ್ನು ಶಿವಕ್ಕ ಫೋನಿನಲ್ಲೇ ಹಿಡಿದರೆಂದು ಆಣೆ ಮಾಡಿದರು. ಶಿವಕ್ಕ ಇದಾವುದನ್ನೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಈ ಮೂಗಿನ ಮರ್ಮ ತಿಳಿಯದೆ ನಿದ್ದೆಗೆಟ್ಟವಳು ಕಾತ್ಯಾಯಿನಿ. ಮೈಸೂರಿನ ಹೆಣ್ಣುಮಗಳು. ಹಗಲು ರೆಸ್ಟನ್ನಿನ ಆಫೀಸಿನಲ್ಲಿ ಪ್ರೋಗ್ರಾಮ್ ಬರೆಯುವುದು, ಸಂಜೆ ಕನ್ನಡ ಸಂಘದ ಎಂಟು ಪುಟದ ಪತ್ರಿಕೆ ಸಿದ್ಧಪಡಿಸುವುದು. ಒಗ್ಗರಣೆಗೆ ಎಷ್ಟು ಸಾಸಿವೆ ಬಿತ್ತು, ಅದರಲ್ಲಿ ಎಷ್ಟು ಸಿಡಿಯಿತು ಎಂದು ಎಣಿಸುವ ಜಾತಿ. ೧೯೯೬ರ ದೀಪಾವಳಿ ಸಂಚಿಕೆಗೆ ಶಿವಕ್ಕನ ಬಗ್ಗೆಯೇ ಬರೆಯುವುದೆಂದು ಅವಳು ನಿಶ್ಚಯಿಸಿದ್ದಳು. ತಲೆಬರಹವೂ ಆಗಿತ್ತು: ‘ಮೂಗುಳ್ಳವರು’.

ಬರೆಯಲು ವಸ್ತುವೂ ಇತ್ತು. ಕೊಪ್ಪಳದ ಕಡೆಯ ಶಿವಕ್ಕ, ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರ್ ಗಂಡ ಬಸಲಿಂಗಪ್ಪನವರ ಜೊತೆ ೧೯೮೯ರಲ್ಲಿ ಈ ದೇಶಕ್ಕೆ ಬಂದವರು. ಮರುವರ್ಷ ಒಂದು ಭಾನುವಾರ ಇಬ್ಬರೂ ಲೀಸ್‌ಬರ್ಗಿನ ಆಚೆ ಸುಮ್ಮನೆ ಸುತ್ತಾಡಲು ಹೋದಾಗ ‘ಆಡಿನ ಹಾಲು’ ಎಂಬ ಬೋರ್ಡು ಕಂಡು ಕಾರು ನಿಲ್ಲಿಸಿದರು. ಅಲ್ಲಿ ಲೊರೆಟ್ಟಾ ಎಂಬ ಹೆಂಗಸು ಹಾಲಿನ ಬಕೆಟ್ಟು ತಿಕ್ಕುತ್ತಿದ್ದಳು. ವಾಷಿಂಗ್ಟನ್ನಿನ ಯಾವುದೋ ಸರ್ಕಾರಿ ಕಚೇರಿಯಿಂದ ನಿವೃತ್ತಳಾಗಿ ನಲವತ್ತು ಆಡು ಕಟ್ಟಿಕೊಂಡು ಚೀಸ್ ಮಾಡುತ್ತಿದ್ದವಳು. ಶಿವಕ್ಕ ಐದು ನಿಮಿಷ ನೋಡಿದರು. ಆಮೇಲೆ ತಡೆಯಲಾಗದೆ ಬ್ರಷ್ಷನ್ನು ಅವಳ ಕೈಯಿಂದ ಕಿತ್ತುಕೊಂಡು ತಾವೇ ತಿಕ್ಕಿ ತೋರಿಸಿದರು. ಸಂದರ್ಶನ ಮುಗಿಯಿತು, ಮರುದಿನದಿಂದ ಕೆಲಸ. ಹಾಲು ಕರೆಯುವ ಯಂತ್ರವನ್ನು ತೊಳೆದು ಒಪ್ಪವಾಗಿಡುವುದು.

ಆರು ವರ್ಷ ಎಲ್ಲ ನೆಟ್ಟಗಿತ್ತು. ಈ ಅಕ್ಟೋಬರಿನಲ್ಲಿ ಗ್ರಹಚಾರ ವಕ್ರಿಸಿತು. ಹಾಲು ತಪಾಸಣೆಯವರು ಒಯ್ದ ಎರಡು ಮಾದರಿಗಳಲ್ಲಿ ರೋಗಾಣುಗಳ ಲೆಕ್ಕ ಮಿತಿ ಮೀರಿತ್ತು. ಮುಂದಿನ ಮಂಗಳವಾರ ಮೂರನೆಯದು. ಅದೂ ಕೆಟ್ಟರೆ ಹಾಲು, ಚೀಸ್ ಯಾವುದನ್ನೂ ಮಾರುವಂತಿಲ್ಲ. ಹಾಗಾದರೆ ಆಡುಗಳನ್ನೆಲ್ಲ ಮಾರಿ ಮಗಳ ಮನೆ ಸೇರುತ್ತೇನೆಂದು ಲೊರೆಟ್ಟಾ ಹೇಳಿಬಿಟ್ಟಿದ್ದಳು. ಶಿವಕ್ಕನತ್ತ ಅವಳು ಬೆರಳು ತೋರಿಸಲಿಲ್ಲ. ಆದರೆ ಶಿವಕ್ಕ ಪಾತ್ರೆ ತೊಳೆಯುವಾಗ ಎಂಟು ದಿನದಿಂದ ಹಿಂದೆ ಬಂದು ನಿಲ್ಲುತ್ತಿದ್ದಳು. ಪಾತ್ರೆ ತೊಳೆಯುವವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಶನಿವಾರ ಬೆಳಿಗ್ಗೆ ಶಿವಕ್ಕನ ಕಾರು ಮೆಕ್ಯಾನಿಕ್ಕನ ಹತ್ತಿರ ಇತ್ತು. “ನಾನ್ ಡ್ರಾಪ್ ಮಾಡ್ತೀನಿ” ಎಂದು ಕಾತ್ಯಾಯಿನಿ ಹಾರಿ ಬಂದಳು. ಚೀಲದಲ್ಲಿ ನೋಟುಬುಕ್ಕು, ಎರಡು ಪೆನ್ನು. ಮೂಗು ಇಂದು ಯುದ್ಧಕ್ಕೆ ಹೊರಟಿದೆ, ತಾನು ಸಾರಥಿ ಎಂಬ ಉತ್ಸಾಹ ಅವಳದು.

ದಾರಿಯಲ್ಲೇ ಮೊದಲ ಪವಾಡ ನಡೆಯಿತು. ಏಳನೇ ನಂಬರಿನ ಹೆದ್ದಾರಿಯಲ್ಲಿ ಒಂದು ಸ್ಕಂಕು ಕಾರಿಗೆ ಸಿಕ್ಕಿ ಸತ್ತು ಬಿದ್ದಿತ್ತು. ಬದುಕಿದ್ದಾಗಲೇ ಗಬ್ಬುನಾತ ಚಿಮ್ಮಿಸಿ ಹೆದ್ದಾರಿ ಖಾಲಿ ಮಾಡಿಸುವ ಪ್ರಾಣಿ. ಸತ್ತ ಮೇಲೆ ಕೇಳಬೇಕೆ? ಕಾತ್ಯಾಯಿನಿ ಕಣ್ಣೀರು ಸುರಿಸುತ್ತಾ ಗಾಜು ಏರಿಸಿ, ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಪಕ್ಕದಲ್ಲಿ ಶಿವಕ್ಕ ತಣ್ಣಗೆ ಚುರುಮುರಿ ತಿನ್ನುತ್ತಿದ್ದರು.

“ಶಿವಕ್ಕ, ವಾಸನೆ...!”

“ಹೂಂ ಅಲ್ಲ? ನೀ ಮುಂದ ನೋಡಿ ಹೊಡಿಯವಾ.”

‘ಬೇಕಾದಾಗ ತೆರೆಯುವುದು, ಬೇಡವಾದಾಗ ಮುಚ್ಚುವುದು, ಯೋಗ’ ಎಂದು ಕಾತ್ಯಾಯಿನಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಆಮೇಲೆ ಮಾತು ಅಡುಗೆಮನೆಯ ಕಷ್ಟಕ್ಕೆ ಹೊರಳಿತು. “ನನ್ನ ಕುಕ್ಕರ್ ಕೂಗ್ತಾನೇ ಇಲ್ಲ ಶಿವಕ್ಕ. ಗ್ಯಾಸ್ಕೆಟ್ ಲೂಸಾಗಿದೆ. ಫ್ರೀಜರಲ್ಲಿಟ್ಟು ಬಿಗಿ ಮಾಡಿ ಮಾಡಿ ಹಾಕ್ತಿದ್ದೆ. ನಿನ್ನೆ ಬಗ್ಸಿ ನೋಡ್ತೀನಿ, ಒಳಗಡೆ ಪೂರ್ತಿ ಬಿರುಕು! ಅದರೊಳಗೆ ಯಾವ ಕಾಲದ್ದೋ ಬೇಳೆ!”

ಶಿವಕ್ಕ ನಗಲಿಲ್ಲ. ಕೈಯಲ್ಲಿದ್ದ ಚುರುಮುರಿ ಮುಂದಿನ ನಾಲ್ಕು ಮೈಲಿ ಕೈಯಲ್ಲೇ ಉಳಿಯಿತು. ಮೂಗು ಧ್ಯಾನಕ್ಕೆ ಕೂತಿದೆಯೆಂದು ಕಾತ್ಯಾಯಿನಿ ರೇಡಿಯೋ ಆರಿಸಿದಳು.

ಲೊರೆಟ್ಟಾ ಬೇಲಿಯ ಹತ್ತಿರ ಹೋತದ ಜೊತೆ ಜಗಳವಾಡುತ್ತಿದ್ದಳು. ಹೋತದ ಹೆಸರು ಸೆನೆಟರ್. ವರ್ಷದಲ್ಲಿ ಎರಡು ತಿಂಗಳು ಕೆಲಸ, ಮಿಕ್ಕ ಹತ್ತು ತಿಂಗಳು ಗಡ್ಡ. ಶರತ್ಕಾಲ ಬಂದರೆ ತನ್ನ ಗಡ್ಡಕ್ಕೆ ತಾನೇ ಉಚ್ಚೆಯ ಅತ್ತರು ಬಳಿದುಕೊಂಡು ಮದುವಣಿಗನಾಗುವ ಪೈಕಿ. ಹಾಲು ಕೆಡಲು ಇವನೇ ಕಾರಣವೆಂದು ಲೊರೆಟ್ಟಾಳ ಗುಮಾನಿ. ಅವನನ್ನು ದೂರದ ಮೂಲೆಗೆ ಗಡಿಪಾರು ಮಾಡಿಯಾಗಿತ್ತು, ಮೇವು ಬದಲಿಸಿಯಾಗಿತ್ತು, ದುಬಾರಿ ಸೋಪು ತರಿಸಿಯಾಗಿತ್ತು. ಶಿವಕ್ಕ ಸೆನೆಟರನ ಪಕ್ಕದಲ್ಲೇ ಹಾದು, ಅವನ ನೆತ್ತಿ ತಟ್ಟಿ, ನೇರವಾಗಿ ಹಾಲಿನ ಕೋಣೆಗೆ ನಡೆದರು. ಕಾತ್ಯಾಯಿನಿ ಉಸಿರು ಬಿಗಿಹಿಡಿದು ಹಿಂಬಾಲಿಸಿದಳು.

ಕೋಣೆಯಲ್ಲಿ ಎಲ್ಲವೂ ದೇವರ ಪೂಜಾಸಾಮಗ್ರಿಯಂತೆ ತಲೆಕೆಳಗಾಗಿ ನೇತಾಡುತ್ತಿತ್ತು. ಸ್ಟೀಲಿನ ಬಕೆಟ್ಟು, ಅದರ ಮುಚ್ಚಳ, ಮುಚ್ಚಳದಿಂದ ಹೊರಡುವ ಕೊಳವೆಗಳು, ತುದಿಯಲ್ಲಿ ಆಡಿನ ಮೊಲೆತೊಟ್ಟುಗಳನ್ನು ಹಿಡಿಯುವ ಜೋಡಿ ಬಟ್ಟಲುಗಳು. ಹಸುವಿಗೆ ನಾಲ್ಕು, ಆಡಿಗೆ ಎರಡೇ. ಬಟ್ಟಲಿನ ಒಳಗೊಂದು ರಬ್ಬರಿನ ಚೀಲ. ಯಂತ್ರ ಗಾಳಿ ಎಳೆದು ಬಿಟ್ಟಂತೆ ಅದು ಹಿಗ್ಗಿ ಕುಗ್ಗಿ, ಮರಿಯ ಬಾಯಿಯ ಹಾಗೆ ಚೀಪುತ್ತದೆ.

ಶಿವಕ್ಕ ಒಂದೊಂದನ್ನೇ ಬಿಚ್ಚತೊಡಗಿದರು. ಬೆರಳು ಆಡಿಸುವುದು, ಬೆಳಕಿಗೆ ಹಿಡಿಯುವುದು, ಕೊನೆಗೆ ಮೂಗಿಗೆ. ಕಾತ್ಯಾಯಿನಿ ಬರೆದುಕೊಂಡಳು: ಬಟ್ಟಲು, ಮೂಸಿದರು. ಕೊಳವೆ, ಮೂಸಿದರು.

“ದಿನಾ ಇದನ್ನೆಲ್ಲ ಹೇಗೆ ತೊಳೀತೀರಿ? ಕುದಿಯೋ ನೀರಲ್ಲಾ?”

“ಅದಽ ತಪ್ಪು ಎಲ್ಲಾರೂ ಮಾಡೋದು. ಹಾಲು ಕರದ ಕೂಡ್ಲೆ ಉಗುರುಬೆಚ್ಚಗಿನ ನೀರು ಹಾಯಿಸ್ಬೇಕು. ಮೊದಲಽ ಕುದಿಯೋದು ಹಾಕಿದ್ಯೋ, ಹಾಲು ಬೆಂದು ಗ್ವಾಡಿಗೆ ಮೆತ್ತತೈತಿ. ಹಾಲು ಕಾಸಿದ ಬೋಗಾಣಿ ತಳಾ ಹಿಡದಂಗ.”

“ಆಮೇಲೆ?”

“ಆಮ್ಯಾಲೆ ಬಿಸಿನೀರು, ಸೋಪು, ಬ್ರಷ್ಷು. ಆಮ್ಯಾಲೆ ಹುಳಿನೀರು. ಇವ್ರು ಆಸಿಡ್ ಅಂತಾರ. ಇಲ್ಲೀ ಬಾವಿ ನೀರು ಗಡಸು, ಸುಣ್ಣ ಕಟ್ಟತೈತಿ. ತಾಮ್ರಕ್ಕ ನಾವು ಹುಣಸಿಹಣ್ಣು ಹಚ್ಚಂಗಿಲ್ಲೇನು? ಹಂಗ. ಆಮ್ಯಾಲೆ ಬಾಯಿ ಕೆಳಗ ಮಾಡಿ ತೂಗಹಾಕೋದು. ಸೆರಗಿಲೆ ಒರಸೋದು ಗಿರಸೋದು ಮಾಡಬಾರ್ದು, ತಿಳೀತಿಲ್ಲೊ? ಒರಸಿದ್ರ ತೊಳದದ್ದೆಲ್ಲಾ ನೀರಾಗ ಹೋತು. ಮತ್ತ ಕರಿಯೂಕಿಂತ ಮೊದಲ ಕ್ರಿಮಿ ಕೊಲ್ಲೂ ಔಷಧದ ನೀರು ಒಮ್ಮೆ.”

ಪ್ರತಿದಿನ ಸಾಂಬಾರ್ ಪಾತ್ರೆಯನ್ನು ದುಪಟ್ಟಾದಿಂದಲೇ ಒರೆಸುವ ಕಾತ್ಯಾಯಿನಿ ಈ ಭಾಗವನ್ನು ಸಣ್ಣಕ್ಷರದಲ್ಲಿ ಬರೆದುಕೊಂಡಳು.

ಎಲ್ಲ ಮುಟ್ಟಿಯಾಯಿತು. ಬಟ್ಟಲಿನೊಳಗಿನ ರಬ್ಬರುಗಳು ಹೊಸವು. ಅವನ್ನು ಲೊರೆಟ್ಟಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತಾನೇ ಬದಲಿಸುತ್ತಿದ್ದಳು. ಕೊಳವೆಗಳು ಕನ್ನಡಿಯಂತಿದ್ದವು. ಉಳಿದದ್ದು ಬಕೆಟ್ಟಿನ ಮುಚ್ಚಳ ಒಂದೇ. ಶಿವಕ್ಕ ಅದನ್ನು ಬಿಟ್ಟು ಎಲ್ಲವನ್ನೂ ಎರಡೆರಡು ಸಲ ನೋಡಿದರು. ಗೋಡೆಯನ್ನೂ ನೋಡಿದರು. ಕೊನೆಗೆ, ಪರೀಕ್ಷೆಯ ಫಲಿತಾಂಶದ ಲಕೋಟೆ ಒಡೆಯುವವರ ಹಾಗೆ, ಮುಚ್ಚಳವನ್ನು ಮಗುಚಿ ಅಂಚಿನ ರಬ್ಬರ್ ಬಳೆಯನ್ನು ಉಗುರಿನಿಂದ ಎಬ್ಬಿಸಿದರು. ಮೂಗಿಗೆ ಹಿಡಿದರು. ಮುಖ ಬಾಡಿತು.

‘ಸಿಕ್ಕಿತು!’ ಎಂದು ಕಾತ್ಯಾಯಿನಿ ಬರೆದು ಎರಡು ಗೆರೆ ಎಳೆದಳು.

ಶಿವಕ್ಕ ಬಳೆಯನ್ನು ಒಳಗೆ ಹೊರಗೆ ತಿರುವಿ ಬಗ್ಗಿಸಿದರು. ಹೊರಗೆ ನುಣುಪಾಗಿ, ಸಾಧುವಾಗಿ ಕಾಣುತ್ತಿದ್ದ ರಬ್ಬರು ಒಳಗೆ ಬೇಸಿಗೆಯ ಕೆರೆಯಂತೆ ಬಿರಿದಿತ್ತು. ಬಿರುಕಿನ ತುಂಬ ಹಳದಿ ಲೋಳೆ. ಅಲ್ಲಿಗೆ ಯಾವ ಬ್ರಷ್ಷೂ ಇಳಿಯದು, ಯಾವ ಔಷಧವೂ ತಲುಪದು. ಪ್ರತಿ ಸಲ ಹಾಲು ಬಿದ್ದಾಗಲೂ ರೋಗಾಣುಗಳ ಒಂದು ಸೈನ್ಯ ಕೋಟೆಯಿಂದ ಇಳಿದು ಬಕೆಟ್ಟಿಗೆ ನುಗ್ಗುತ್ತಿತ್ತು.

ಈ ಬಳೆಯೊಂದು ಮಾತ್ರ ಶಿವಕ್ಕನ ಸುಪರ್ದಿನಲ್ಲಿತ್ತು. ಇಷ್ಟು ತಿಂಗಳಿಗೊಮ್ಮೆ ಎಸೆದು ಹೊಸದು ಹಾಕೆಂದು ಲೊರೆಟ್ಟಾ ಒಂದು ಡಬ್ಬಿ ತುಂಬ ಹೊಸ ಬಳೆ ಕೊಟ್ಟಿದ್ದಳು. ನಾಲ್ಕು ವರ್ಷ ಪಾಲಿಸಿದ ಶಿವಕ್ಕನಿಗೆ ಆಮೇಲೆ ಕೈ ಬರಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್ಟನ್ನು ಫ್ರೀಜರಿನಲ್ಲಿಟ್ಟು ಬಿಗಿ ಮಾಡಿ ವರ್ಷಗಟ್ಟಲೆ ದುಡಿಸಿದ ಕೈ ಅದು. ಇನ್ನೂ ಗಟ್ಟಿ ಇರುವ ರಬ್ಬರನ್ನು ಕಸಕ್ಕೆ ಹಾಕುವುದೆಂದರೇನು? ಸಡಿಲವಾದ ಬಳೆಯನ್ನು ಲೊರೆಟ್ಟಾಳ ಫ್ರೀಜರಿಗೆ ಹಾಕುವುದು, ಬಿಗಿಯಾದದ್ದನ್ನು ತೆಗೆದು ಮುಚ್ಚಳಕ್ಕೆ ಹಾಕುವುದು. ಹೊಸವು ಡಬ್ಬಿಯಲ್ಲಿ ಭದ್ರ.

ಈಗ ಕೋಣೆಯಲ್ಲಿ ಇಬ್ಬರೇ. ಹೊಸ ಬಳೆ ತೊಡಿಸಿ ಹಳೆಯದನ್ನು ಕಿಸೆಗೆ ಸೇರಿಸಿದರೆ ಮಂಗಳವಾರದ ಹಾಲು ಹೇಗೂ ಶುದ್ಧ. ಅಪವಾದ ಹೊರಲು ಸೆನೆಟರ್ ಇದ್ದೇ ಇದ್ದಾನೆ. ಅವನು ಯಾವ ಪತ್ರಿಕೆಗೂ ಪತ್ರ ಬರೆಯುವವನಲ್ಲ. ಶಿವಕ್ಕನ ಕೈ ಕಿಸೆಯ ಹತ್ತಿರ ಹೋದದ್ದನ್ನು ಕಾತ್ಯಾಯಿನಿ ನೋಡಿದಳು. ಪೆನ್ನು ತಾನಾಗಿ ನಿಂತಿತು.

ಕೈ ಅಲ್ಲೇ ಕ್ಷಣ ತಡೆದು ಹಿಂದೆ ಬಂತು.

“ಲೊರೆಟ್ಟಾ! ಕಮ್! ಮೈ ಮಿಸ್ಟೇಕ್! ಗೋಟ್ ನೋ ಮಿಸ್ಟೇಕ್!”

ಲೊರೆಟ್ಟಾ ಬಂದು ಬಳೆಯನ್ನು ಬಗ್ಗಿಸಿ ನೋಡಿದಳು. ಶಿವಕ್ಕ ಬೆವರುತ್ತಾ ಫ್ರೀಜರ್ ಕಡೆ ಕೈ ತೋರಿದರು. ಲೊರೆಟ್ಟಾ ಅದರ ಬಾಗಿಲು ತೆಗೆದಳು. ಬಟಾಣಿಯ ಚೀಲದ ಹಿಂದೆ ಇನ್ನೂ ಎರಡು ಬಳೆಗಳು ತಪಸ್ಸು ಮಾಡುತ್ತಿದ್ದವು. ಅವಳು ಕೆಂಪಗಾಗಿ ಹೇಳಿದಳು: ಇವನ್ನು ಎರಡು ವರ್ಷದಿಂದ ನೋಡುತ್ತಲೇ ಇದ್ದೇನೆ, ನಿಮ್ಮ ದೇಶದ ಯಾವುದೋ ತಿಂಡಿ ಇರಬೇಕು, ಕೇಳಿದರೆ ನೊಂದುಕೊಳ್ಳುತ್ತೀಯೆಂದು ಸುಮ್ಮನಿದ್ದೆ.

ಮೊದಲು ನಕ್ಕವಳು ಕಾತ್ಯಾಯಿನಿ. ಆಮೇಲೆ ಲೊರೆಟ್ಟಾ. ಶಿವಕ್ಕ ನಗಲಿಲ್ಲ; ಹೊಸ ಬಳೆ ತೊಡಿಸಿ, ಔಷಧದ ನೀರು ಹಾಯಿಸಿ, “ಕೆಚ್ಚಲಾ ಬಿಗಿದಾವ, ಆಡು ಹೊಡಕೊಂಡು ಬಾ ಅನ್ನು ಆಕಿಗೆ” ಎಂದು ಕಾತ್ಯಾಯಿನಿಗೆ ಹೇಳಿದರು.

ಮಂಗಳವಾರ ಮಾದರಿ ಹೋಯಿತು. ಮುಂದಿನ ವಾರ ಫಲಿತಾಂಶ ಬಂತು: ಲೆಕ್ಕ ಮಿತಿಗಿಂತ ಎಷ್ಟೋ ಕೆಳಗೆ. ಆಡುಗಳು ಉಳಿದವು, ಶಿವಕ್ಕನ ಕೆಲಸ ಉಳಿಯಿತು, ಲೊರೆಟ್ಟಾ ಹಿಂದೆ ನಿಲ್ಲುವುದನ್ನು ಬಿಟ್ಟಳು. ಸೆನೆಟರ್ ಗೌರವಪೂರ್ವಕವಾಗಿ ಹಳೆಯ ಕ್ಷೇತ್ರಕ್ಕೆ ಮರಳಿದ. ಬಿರಿದ ಬಳೆ ಹಾಲಿನ ಕೋಣೆಯ ಹೊರಗೆ ಒಂದು ಮೊಳೆಗೆ ನೇತುಬಿತ್ತು, ಹಿಂದಿನವರು ಶತ್ರುವಿನ ತಲೆ ನೇತುಹಾಕುತ್ತಿದ್ದಂತೆ.

ಕಾತ್ಯಾಯಿನಿ ಆರು ಪುಟ ಬರೆದಳು. ಸ್ಕಂಕಿನ ಮುಂದೆ ಮುಚ್ಚಿದ್ದ, ಸೆನೆಟರನ ಮುಂದೆ ಅಲುಗದ, ಕೊನೆಗೆ ಎಲ್ಲ ನಾತಗಳ ನಡುವೆ ಒಂದೇ ಒಂದು ಬಿರುಕಿನ ನಾತವನ್ನು ಆರಿಸಿ ತೆಗೆದ ಮೂಗಿನ ಮಹಿಮೆ. ಮುಗಿಸುವಾಗ ಹಳೆಯ ಕುತೂಹಲ ಮತ್ತೆ ಕಚ್ಚಿತು. ಫೋನ್ ಎತ್ತಿದಳು.

“ಶಿವಕ್ಕ, ಲಾಸ್ಟ್ ಒಂದು ಡೀಟೇಲ್ ಬೇಕಿತ್ತು. ಅಷ್ಟೊಂದು ವಾಸನೆ ಮಧ್ಯೆ ಆ ರಬ್ಬರ್ ವಾಸನೆ ನಿಮಗೆ ಹೇಗೆ ಗೊತ್ತಾಯ್ತು?”

“ಯಾವ ವಾಸನಿ? ನೀ ಕುಕ್ಕರಿನ ಗ್ಯಾಸ್ಕೆಟ್ ಸುದ್ದಿ ತಗದ್ಯಲ್ಲ, ಆವಾಗ ಹೊಳೀತು.”

“ಮತ್ತೆ ಮೂಗು?”

“ಈ ದೇಶಕ್ಕ ಬಂದ ವರ್ಷಾನಽ ಹೂವಿನ ಪುಡಿ ಅಲರ್ಜಿ ಹತ್ತಿ ಮೂಗು ಕಟ್ಟೈತಿ ತಂಗಿ. ಏಳು ವರ್ಷ ಆತು, ಕರ್ಪೂರ ಹಚ್ಚಿದ್ರೂ ನಂಗ ವಾಸನಿ ಬರಂಗಿಲ್ಲ.”

ಕಾತ್ಯಾಯಿನಿ ಆರು ಪುಟಗಳನ್ನು ಒಮ್ಮೆ ನೋಡಿದಳು.

“ಹಾಗಾದ್ರೆ ಕೊಟ್ಟ ಲೋಟ ಎಲ್ಲಾ ಯಾಕೆ ಮೂಸ್ತೀರಿ ಶಿವಕ್ಕ?”

“ಮೂಸಿದ್ರ ಮಂದಿ ಇನ್ನೊಮ್ಮೆ ತೊಳದು ಕೊಡ್ತಾರವಾ.”