ಚಾನಲ್ ಏರಿಯ ಮೇಲೆ ಶ್ವಾನರಥ

ಶಿವಮೊಗ್ಗ, ಭದ್ರಾವತಿ ಸೀಮೆಯ ನಮಗೆ ಚಾನಲ್ ಎಂದರೆ ಗದ್ದೆಗೆ ನೀರು ಹರಿಸುವ ನಾಲೆ. ತೊಂಬತ್ತರ ದಶಕದಲ್ಲಿ ರವೀಂದ್ರನಗರದ ನಮ್ಮ ಮನೆಗೆ ಕೇಬಲ್ ಬಂದ ಮೇಲೆ ಅದೇ ಹೆಸರಿನಲ್ಲಿ ಚಿತ್ರಗಳೂ ಹರಿಯತೊಡಗಿದವು. ಒಂದರಲ್ಲಿ ಎಮ್ಮೆ ಮೀಯುತ್ತಿತ್ತು, ಇನ್ನೊಂದರಲ್ಲಿ ಸೋಪಿನ ಜಾಹೀರಾತಿನ ಸುಂದರಿ ಮೀಯುತ್ತಿದ್ದಳು. ನಮ್ಮ ಮಾತಿಗೆ ಮಾತ್ರ ಎರಡರ ನಡುವೆ ಯಾವ ಭೇದಭಾವವೂ ಇರಲಿಲ್ಲ. ಈ ಅದ್ವೈತ ಒಂದು ದಿನ ನನ್ನ ಭಾವನನ್ನು ಚಳಿಯಲ್ಲಿ ನಡುಗಿಸೀತೆಂದು ನಾನೇನು ಕನಸು ಕಂಡಿದ್ದೆನೆ?

ಅದು ಡಿಸೆಂಬರಿನ ಒಂದು ಭಾನುವಾರದ ಬೆಳಗ್ಗೆ. ಮಂಕಿ ಟೋಪಿ ಹಾಕಿಕೊಂಡು, ಕಾಫಿ ಲೋಟದ ಬಿಸಿಯಲ್ಲಿ ಅಂಗೈ ಕಾಯಿಸಿಕೊಳ್ಳುತ್ತ ಟಿವಿಯ ಮುಂದೆ ಕೂತಿದ್ದವನಿಗೆ ಉತ್ತರ ದೇಶದ ಹಿಮಾರಣ್ಯವೊಂದು ಸಾಕ್ಷಾತ್ ದರ್ಶನ ಕೊಟ್ಟಿತು. ಹಿಮದ ಬಣ್ಣಕ್ಕೇ ತಿರುಗಿದ ಮೊಲ, ನಮ್ಮ ಕಡವೆಗೆ ದೊಡ್ಡಪ್ಪನಾಗಬೇಕಾದಂಥ ಕೊಂಬಿನ ಮಹಾಪ್ರಾಣಿ, ಧ್ಯಾನಸ್ಥ ಬಿಳಿ ಗೂಬೆ, ಮತ್ತು ಇವೆಲ್ಲವುಗಳ ನಡುವೆ ಹಿಮವನ್ನು ಚಿಮ್ಮಿಸುತ್ತ ಹತ್ತಾರು ನಾಯಿಗಳು ಎಳೆದೊಯ್ಯುವ ಜಾರುಬಂಡಿ! ಅದರ ಹಿಂದೆ ಇನ್ನೊಂದು, ಮತ್ತೊಂದು! ಸಂತೋಷ ನನ್ನಿಂದ ತಡೆಯಲಾಗಲಿಲ್ಲ. ಫೋನಿಗೆ ಹಾರಿ ಮಲವಗೊಪ್ಪದ ಭಾವನಿಗೆ, "ಭಾವ, ಬೇಗ ನೋಡಿ, ಚಾನಲ್‌ನಲ್ಲಿ ನಾಯಿ ರೇಸು!" ಎಂದು ಕೂಗಿ ಇಟ್ಟುಬಿಟ್ಟೆ.

ಅಕ್ಕನ ಗಂಡನಾದ ಈ ಭಾವ ಭದ್ರಾವತಿಯ ಕಾರ್ಖಾನೆಯಲ್ಲಿದ್ದವರು. ಸೈರನ್ ಕೂಗಿದರೆ ಪ್ರಶ್ನೆ ಕೇಳದೆ ಎದ್ದು ನಡೆಯುವ ಶಿಸ್ತಿನ ಮನುಷ್ಯ. ನನ್ನ ಕೂಗಿಗೂ ಹಾಗೆಯೇ ಎದ್ದು, ಮಫ್ಲರ್ ಸುತ್ತಿ, ಮನೆಯ ಹಿಂದಿನ ಚಾನಲ್ ಏರಿಗೆ ಹೋಗಿ ಮುಕ್ಕಾಲು ಗಂಟೆ ನಿಂತರಂತೆ. ಆಮೇಲೆ ಫೋನು ಬಂತು: "ಎಲ್ಲಿ ಮಾರಾಯ ನಿನ್ನ ರೇಸು? ಒಂದು ಎಮ್ಮೆ ಬಿಟ್ರೆ ಏರಿ ಮೇಲೆ ನಾನೊಬ್ನೇ ಇದ್ದಿದ್ದು!"

ಪ್ರಾಯಶ್ಚಿತ್ತವನ್ನೂ ಅವರೇ ವಿಧಿಸಿದರು. ಮುಂದಿನ ಭಾನುವಾರ ಅದೇ ಏರಿಯ ಮೇಲೆ ರೇಸು ನಡೆಯಲೇಬೇಕು. ಅವರು ಭದ್ರಾವತಿಯ ಓಲ್ಡ್ ಟೌನ್‌ನಿಂದ ತಂದು ಸಾಕಿದ ಟೈಗರ್‌ಗೂ ನಮ್ಮ ಕರಿಯನಿಗೂ. ನಾನು ಕುಣಿದಾಡಿ ಒಪ್ಪಿದ್ದಕ್ಕೆ ಕಾರಣವಿತ್ತು. "ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ" ಎಂಬ ಗಾದೆಯ ಪೂರ್ವಾರ್ಧವನ್ನಷ್ಟೇ ಪಾಲಿಸುವ ಕರಿಯ ಕಳ್ಳರನ್ನು ಹಿಡಿಯುವ ಬದಲು ತಾನೇ ಅಡುಗೆಮನೆಗೆ ನುಗ್ಗಿ ಹಬ್ಬದ ಕಡುಬು ಕದ್ದಿದ್ದ. ಅವನನ್ನು ಮಲವಗೊಪ್ಪಕ್ಕೆ ಸಾಗಹಾಕಲೇಬೇಕೆಂದು ನನ್ನ ಹೆಂಡತಿ ಸುಮಿತ್ರ ಪಟ್ಟು ಹಿಡಿದಿದ್ದಳು. ಅವನ ಪರವಾಗಿ ವಕಾಲತ್ತು ವಹಿಸಿ ಪ್ರತಿ ಸಲವೂ ಸೋತಿದ್ದ ನನಗೆ ಇದು ಕೊನೆಯ ಅಪೀಲು. ಗೆದ್ದರೆ ಕರಿಯ ನಮ್ಮಲ್ಲೇ ಉಳಿಯುವುದು, ಸೋತರೆ ಭಾವನ ಮನೆಯಲ್ಲೇ ಬಿಟ್ಟು ಬರುವುದು ಎಂದು ಒಪ್ಪಂದವಾಯಿತು.

ಹಿಮವಿಲ್ಲದ ಊರಿನಲ್ಲಿ ಜಾರುಬಂಡಿ ಎಲ್ಲಿಂದ ತರುವುದು? ಮಕ್ಕಳು ಕೂತು ಎಳೆಸಿಕೊಳ್ಳುವ ಅಡಿಕೆ ಹಾಳೆ ಇದೆಯಲ್ಲ! ನಾನೇ ಅದರ ಮೇಲೆ ವಿರಾಜಮಾನನಾಗುವ ಉತ್ಸಾಹದಲ್ಲಿದ್ದೆ. ಅಕ್ಕ ನನ್ನ ಹೊಟ್ಟೆಯನ್ನೂ ನಾಯಿಯ ಮುಖವನ್ನೂ ನೋಡಿ, ನನ್ನ ಬದಲಿಗೆ ಒಂದೊಂದು ಹಾಳೆಗೆ ಒಂದೊಂದು ಸಿಹಿಗುಂಬಳವನ್ನು ಕಟ್ಟಿಸಿದಳು. ಏರಿಯ ಹುಲ್ಲೆಲ್ಲ ಇಬ್ಬನಿಯಿಂದ ಬೆಳ್ಳಗಿತ್ತು. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಸಿಪಿಲೆ ಹಕ್ಕಿಗಳು ಬಾಲ ಕುಣಿಸುತ್ತ ಓಡಾಡುತ್ತಿದ್ದವು. ಕಬ್ಬಿನ ಗದ್ದೆಯಿಂದ ನರಿಯೊಂದು ಇಣುಕಿ ನೋಡಿ ಮರೆಯಾಯಿತು. ನಮ್ಮ ಹಿಮಾರಣ್ಯಕ್ಕೆ ಇನ್ನೇನು ಕಡಿಮೆ?

ಭಾವ ಟವೆಲ್ ಬೀಸಿದರು. ದೂರದ ತೂಬೇ ಗುರಿ. ಟೈಗರ್ ಕುಂಬಳಕಾಯಿ ಸಮೇತ ಹೊರಟೇಬಿಟ್ಟ. ಕರಿಯ ಕೂತ. "ಹೋಗೋ ಕರಿಯ" ಎಂದೆ, ಎತ್ತಿಗೆ ಹೇಳುವಂತೆ "ಹೋಯ್ ಹೋಯ್" ಎಂದೆ, ಕೊನೆಗೆ ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಅವನು ತಿರುಗಿ ಕುಂಬಳಕಾಯಿಯನ್ನು ಮೂಸಿದ. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಯಾರೋ ಕಿರುಚಿದರು: "ಹಚಾ ಕರಿಯ! ಹಚಾ!"

ಸುಮಿತ್ರ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖ ಕೆಂಪಗೆ ಮಾಡಿಕೊಂಡು ತುದಿಗಾಲಲ್ಲಿ ನಿಂತಿದ್ದಳು. ನಾಯಿಯನ್ನು ಓಡಿಸಲು ಕನ್ನಡಿಗರೆಲ್ಲ ಬಳಸುವ, ಕರಿಯ ದಿನವೂ ಅಡುಗೆಮನೆಯ ಬಾಗಿಲಲ್ಲಿ ಕೇಳುವ ಮಾತು ಅದು. ಬಿಟ್ಟ ನೋಡಿ ಓಟ! ಹಾಳೆ ನೆಲ ಬಿಟ್ಟು ಹಾರಿತು, ಸಿಪಿಲೆಗಳು ಚೆಲ್ಲಾಪಿಲ್ಲಿಯಾದವು. ಸೆಗಣಿ ಮೂಸುತ್ತ ನಿಂತಿದ್ದ ಟೈಗರನ್ನು ದಾಟಿ ಅವನು ಮುಂದಾದ. ನಾನು ಕುಣಿದ ರಭಸಕ್ಕೆ ನನ್ನ ಟೋಪಿ ನೀರಿಗೆ ಬಿತ್ತು. ಇನ್ನೆರಡು ಮಾರು ಹೋದರೆ ತೂಬು!

ಅಲ್ಲಿ ಕರಿಯ ನಿಂತ, ತಿರುಗಿದ. ಹೋದ ವೇಗದಲ್ಲೇ ವಾಪಸ್ ಬಂದು, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಸುಮಿತ್ರಳ ಮುಂದೆ ಕೂತು ಬಾಯಿ ತೆರೆದ. ಅತ್ತ ಟೈಗರ್ ನಿಧಾನವಾಗಿ ತೂಬು ದಾಟಿದ.

"ಏನಮ್ಮ ಸುಮಿತ್ರ, ಹಚಾ ಅಂದ್ರೆ ನಿಮ್ಮ ನಾಯಿ ವಾಪಸ್ ಬರುತ್ತಲ್ಲ!" ಎಂದರು ಭಾವ.

ಅವಳು ಮುಖ ಆಚೆ ತಿರುಗಿಸಿದಳು. "ಇನ್ನೇನ್ ಮಾಡುತ್ತೆ? ಇವರು ಆಫೀಸಿಗೆ ಹೋದ್ಮೇಲೆ ದಿನಾ ಗೇಟಿನ ತನಕ ಓಡಿಸ್ತೀನಿ. ತಿರುಗಿ ಬಂದಾಗ ಒಂದು ರೊಟ್ಟಿ ಹಾಕ್ತೀನಿ. ಅದಕ್ಕೇ ಬಂದಿದೆ, ಪಾಪ."

ಕರಿಯನಿಗೆ ಲೋಕದಲ್ಲಿ ನಾನೊಬ್ಬನೇ ದಿಕ್ಕು ಎಂದುಕೊಂಡಿದ್ದೆನಲ್ಲ! ನಾಚಿಕೆಯೂ ಸಂತೋಷವೂ ಒಟ್ಟಿಗೇ ಆಯಿತು. ಆದರೆ ಒಪ್ಪಂದ ಒಪ್ಪಂದವೇ. ಭಾವ ಹಾಳೆ ಬಿಚ್ಚಿ ಕರಿಯನ ಹಗ್ಗ ಹಿಡಿದರು.

"ಹಗ್ಗ ಬಿಡಿ ಅಣ್ಣ," ಎಂದಳು ಸುಮಿತ್ರ.

"ಮತ್ತೆ ಪಂದ್ಯ?"

"ಪಂದ್ಯ ಕಟ್ಟಿದ್ದು ಇವರು, ಸೋತಿದ್ದೂ ಇವರೇ. ಬೇಕಾದ್ರೆ ಇವರನ್ನೇ ಇಟ್ಕೊಳ್ಳಿ."

ಇಷ್ಟು ಹೇಳಿ ಹಗ್ಗ ಕಿತ್ತುಕೊಂಡು ನಾವು ಬಂದಿದ್ದ ಸ್ಕೂಟರಿನ ಕಡೆ ನಡೆದಳು. ಕರಿಯ ಓಡಿಹೋಗಿ ಮುಂದೆ ನಿಂತ, ಅವಳು ಹಿಂದೆ ಕೂತಳು. ಇಬ್ಬರಿಗೂ ಸ್ಕೂಟರ್ ಓಡಿಸಲು ಬರುತ್ತಿರಲಿಲ್ಲವಾದ್ದರಿಂದ ನನ್ನನ್ನೂ ಮನೆಗೆ ಕರೆದುಕೊಂಡು ಹೋದರು.