ಗುಂಡಿಯಜ್ಜಿಯ ತಪ್ಪು ಅಳತೆ

ಬಾಯಲ್ಲಿ ಸದಾ ನಾಲ್ಕು ಗುಂಡಿ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಗುಂಡಿಯಜ್ಜಿ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆಯಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮಿಷನ್ನು, ಬಾಗಿಲ ಹಿಂದೆ ಬಟ್ಟೆ ಚೂರುಗಳ ಚೀಲ, ಅದರ ಮೇಲೆ ಮೊಮ್ಮಗಳ ಓಟದ ಶೂ. ಹುಡುಗಿಗೆ ಆಸ್ತಮಾ. ಆದರೂ ಶಾಲೆಯ ರಿಲೇ ತಂಡದಲ್ಲಿ ಕೊನೆಯ ಓಟ ಅವಳದೇ. ಅದನ್ನು ಬಿಟ್ಟುಕೊಡು ಎಂದರೆ ಊಟ ಬಿಡುವವಳು.

ಆ ಚಳಿಗಾಲ ಎದುರಿನ ಕಂಬಕ್ಕೆ ಗಾಳಿಯ ಮಟ್ಟ ತೋರಿಸುವ ಫಲಕ ಬಂತು. ಹೊಳೆಯುವ ಅಂಕಿ, ಅಷ್ಟೇ. ಗುಂಡಿಯಜ್ಜಿ ಯಾರನ್ನೂ ಕೇಳಲಿಲ್ಲ. ಜೀವಮಾನವಿಡೀ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡವಳು. ಅಳತೆ ದೊಡ್ಡದಾದಷ್ಟೂ ಉಸಿರಾಟ ಸಲೀಸು ಎಂಬುದು ಅವಳಿಗೆ ಗೊತ್ತಿಲ್ಲವೇ?

“ಇವತ್ತು ನೂರಾ ತೊಂಬತ್ತು ಕಣೇ! ನಿನ್ನೆ ಬರೀ ಎಪ್ಪತ್ತಿತ್ತು. ಗಾಳಿ ಒಳ್ಳೇ ಸಡಿಲವಾಗಿದೆ, ಹೋಗಿ ಓಡ್ಕೊಂಡು ಬಾ.”

ಹಿಂತಿರುಗಿದ ಮೊಮ್ಮಗಳ ಎದೆಯೊಳಗೆ ಸೀಟಿ ಊದುತ್ತಿತ್ತು. ಇನ್ಹೇಲರ್ ಸೇದಿಸಿ ಕ್ಲಿನಿಕ್ಕಿಗೆ ಕರೆದೊಯ್ದಾಗ ನರ್ಸಮ್ಮ ಹಣೆ ಚಚ್ಚಿಕೊಂಡಳು.

“ಅಯ್ಯೋ ಅಜ್ಜಿ, ಅದು ಗಾಳೀಲಿರೋ ಕೊಳೆಯ ಅಳತೆ! ಕಡಿಮೆಯಿದ್ದಷ್ಟೂ ಒಳ್ಳೇದು. ಐವತ್ತರೊಳಗಿದ್ರೆ ಆರಾಮಾಗಿ ಓಡ್ಲಿ. ನೂರರವರೆಗೆ ಮೈ ನೋಡ್ಕೊಂಡು. ದಾಟಿದ್ರೆ ಇಂಥ ಎದೆಗೆ ಹೊರಗಿನ ಓಟ ಬೇಡ. ಇನ್ನೂರಾದ್ರೆ ಕಿಟಕಿ ಮುಚ್ಚಿ ಒಳಗಿರಿ.”

“ಒಂದು ಚೆಂದದ ಮಾಸ್ಕ್ ಹೊಲಿದುಬಿಡ್ಲಾ?”

“ಬಟ್ಟೆ ಸಾಲಲ್ಲ, ಸಣ್ಣ ಧೂಳು ತೂರಿಬಿಡುತ್ತೆ. ಎನ್‌95 ತಗೊಳ್ಳಿ. ಮೂಗಿನ ಹತ್ರ ಸಂದಿ ಬಿಡ್ಬೇಡಿ.”

ಬಟ್ಟೆಯನ್ನು ಹೀಗೆ ಹಳಿದವರನ್ನು ಬೇರೆ ದಿನವಾಗಿದ್ದರೆ ಅಜ್ಜಿ ಸುಮ್ಮನೆ ಬಿಡುತ್ತಿರಲಿಲ್ಲ. ಅಂದು ಮಾತ್ರ ತಲೆ ತಗ್ಗಿಸಿ ಮನೆಗೆ ಬಂದು, ಚೂರುಗಳ ಚೀಲದಿಂದ ಹಸಿರು, ಹಳದಿ, ಕೆಂಪು ರಿಬ್ಬನ್ ಕತ್ತರಿಸಿದಳು. ಮರುದಿನದಿಂದ ಫಲಕ ನೋಡಿ ಬಾಗಿಲಿಗೆ ಒಂದನ್ನು ಕಟ್ಟತೊಡಗಿದಳು. ಬೀದಿಯ ಮಕ್ಕಳೂ ಅದನ್ನೇ ನೋಡಿ ಆಟಕ್ಕಿಳಿದರು.

ರಿಲೇಯ ಬೆಳಗ್ಗೆ ಕಟ್ಟಬೇಕಾಗಿ ಬಂದದ್ದು ಕೆಂಪು.

“ಬೇಕೂಂತ್ಲೇ ಕಟ್ಟಿದ್ದೀಯ!” ಮೊಮ್ಮಗಳು ಅಳುತ್ತಾ ಶೂ ಎಸೆದಳು. “ನಾನಿಲ್ದೇನೇ ಓಡ್ತಾರೆ!”

“ನೋಡೇಬಿಡೋಣ ಬಾ.” ಅವಳ ಮೂಗಿನ ಮೇಲೆ ಮಾಸ್ಕ್ ಒತ್ತಿ ಕೂರಿಸಿ ಅಜ್ಜಿ ಶಾಲೆಗೆ ಹೊರಟಳು.

“ನಿಮ್ಮ ಮಕ್ಕಳ ಯೂನಿಫಾರ್ಮೆಲ್ಲ ನಾನೇ ಹೊಲಿದಿದ್ದು ಮೇಷ್ಟ್ರೇ,” ಎಂದಳು ಆಟದ ಮೇಷ್ಟ್ರಿಗೆ. “ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡಿ ಕೊಡ್ತೀನಿ. ಎದೆ ಬಿಚ್ಚಿ ಹೊಲಿಯೋಕೆ ನಂಗೆ ಬರಲ್ಲ.”

ಮೇಷ್ಟ್ರು ಫೋನಿನಲ್ಲಿ ಅಂಕಿ ನೋಡಿದರು, ತಲೆ ಕೆರೆದುಕೊಂಡರು. ಅವರ ತಂಡದಲ್ಲೇ ಇನ್ನಿಬ್ಬರು ಕೆಮ್ಮುತ್ತಿದ್ದರು. ಗಾಳಿ ತಿಳಿಯಾಗುವ ದಿನಕ್ಕೆ ರಿಲೇ ಮುಂದೂಡಿದರು.

ಒಂದು ವಾರ ಬಾಗಿಲಲ್ಲಿ ಕೆಂಪು, ಹಳದಿ, ಮತ್ತೆ ಕೆಂಪು. ಮೊಮ್ಮಗಳು ಮುಖ ಊದಿಸಿಕೊಂಡೇ ಇದ್ದಳು. ಆಮೇಲೊಂದು ರಾತ್ರಿ ಮಳೆ ಬಂತು, ಹಿಂದೆಯೇ ಬೀಸುಗಾಳಿ. ಬೆಳಗ್ಗೆ ಫಲಕದಲ್ಲಿ ನಲವತ್ತೊಂದು. ಹಸಿರು ರಿಬ್ಬನ್ನನ್ನು ಹುಡುಗಿಯೇ ಕಟ್ಟಿದಳು.

ಅಂದೇ ನಡೆದ ರಿಲೇಯಲ್ಲಿ ಅವಳ ತಂಡ ಬಂದದ್ದು ಮೂರನೆಯದಾಗಿ. ಕೊನೆಯ ತಿರುವಿನಲ್ಲಿ “ಓಡೇ ನನ್ನವ್ವಾ!” ಎಂದು ಅಜ್ಜಿ ಕೂಗಿದ ರಭಸಕ್ಕೆ ಬಾಯಿಯ ಗುಂಡಿಗಳು ಮೈದಾನದ ಪಾಲಾದವು. ಅವನ್ನು ಹುಡುಕಲು ಹೋಗದೆ ಮೊಮ್ಮಗಳ ಬೆನ್ನಿಗೆ ಕಿವಿಯಿಟ್ಟಳು. ಏದುಸಿರಿತ್ತು, ಸೀಟಿಯಿರಲಿಲ್ಲ. ಎಣ್ಣೆ ಬಿಟ್ಟ ಮಿಷನ್ನಿನ ಹಾಗೆ ಉಸಿರು ಓಡುತ್ತಿತ್ತು.