ಹೌದು, ಇಲ್ಲ, ನೋಡೂಣ್ರಿ

ಅಡರಕಟ್ಟಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಆಕೆ ಖಡಕ್ ರೊಟ್ಟಿಯನ್ನು ಹಪ್ಪಳದಷ್ಟು ತೆಳ್ಳಗೆ ಬಡಿಯುತ್ತಿದ್ದಳು. ಲಕ್ಷ್ಮೇಶ್ವರದಲ್ಲಿ ಅಂಗಡಿ ಇಟ್ಟರೆ ರೊಟ್ಟಿ ಮಾರಾಟವಾಗುತ್ತದೆಯೇ, ಶಾಲೆಯ ಕೆಲಸ ಬಿಡಬಹುದೇ ಎಂದು ಆಕೆಗೆ ತಿಳಿಯಬೇಕಿತ್ತು. ಸ್ವಂತ ವ್ಯಾಪಾರ ಮಾಡಬಯಸುವ ಮಹಿಳೆಯರಿಗೆ ಇಂಥ ಸಮೀಕ್ಷೆ ಮಾಡಿಕೊಡುವುದು ಗದಗಿನ ಒಂದು ಸಂಸ್ಥೆಯಲ್ಲಿ ನನ್ನ ಕೆಲಸವಾಗಿತ್ತು.

ಆಕೆಯೇ ಒಂದು ದಾರಿ ಹೇಳಿದ್ದಳು. “ಅಕ್ಕಾರ, ನಾಲ್ಕ್ ಸಂತಿ ಬುಟ್ಟಿ ಇಟ್ಕೊಂಡ್ ಕುಂಡ್ರತೀನ್ರಿ. ನೀವು ಬಾಜೂಕ ಕುಂಡ್ರಿ. ಯಾರು ತಗೋತಾರ, ಯಾರು ಬರೇ ಮುರದು ತಿಂದ್ ಹೊಕ್ಕಾರ, ತಿಳೀತೈತಿ.”

ನಾಲ್ಕು ವಾರ ಕಾಯುವ ತಾಳ್ಮೆ ನನಗಿರಲಿಲ್ಲ. ಲಕ್ಷ್ಮೇಶ್ವರದ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸುವುದನ್ನು ಆರಿಸಿಕೊಂಡೆ. ಎರಡು ದಿನದ ಕೆಲಸ. ಗುರುತಿನವರಿದ್ದರೆ ಬಾಗಿಲು ತೆರೆಯುತ್ತಾರೆಂದು ಆಕೆಯನ್ನೂ ಕರೆದುಕೊಂಡು ಹೋದೆ, ರುಚಿ ನೋಡಲೆಂದು ರೊಟ್ಟಿಯನ್ನೂ ಒಯ್ದೆ.

ಎಲ್ಲ ಮನೆಯಲ್ಲೂ ಚಹಾ ಕೊಟ್ಟರು. ಒಂದು ಮನೆಯ ಹಿರಿಯಾಕೆ, ಎಲ್ಲರ ಆಯಿ, ರೊಟ್ಟಿ ಮುರಿದು ಬಾಯಿಗಿಟ್ಟು ಆಕೆಯನ್ನು ಛೇಡಿಸಿದಳು: “ಸಾಲಿ ಸೌಟು ಬಿಟ್ಟು ಸಾವಕಾರ್ತಿ ಆಗ್ತೀ ಏನವಾ?”

“ನಿಮ್ಮಂಥಾರು ತಗೊಂಡ್ರ ಆಗ್ತೀನ್ರಿ, ಆಯಿ.”

ತಗೋತೀರೇನ್ರಿ ಎಂದು ನಾನು ಕೇಳಿದೆ. ಆಯಿ ಆಕೆಯ ಮುಖ ನೋಡಿದಳು. “ನೋಡೂಣ್ರಿ,” ಎಂದಳು.

ನನ್ನ ಹಾಳೆಯಲ್ಲಿ ಎರಡೇ ಚೌಕಗಳಿದ್ದವು, ಹೌದು ಮತ್ತು ಇಲ್ಲ. ಹೌದು ಎಂಬಲ್ಲಿ ಗುರುತು ಹಾಕಿದೆ. ನಾನು ಶಿರಹಟ್ಟಿಯಲ್ಲಿ ಬೆಳೆದವಳು. ಎದುರಿಗಿದ್ದವರಿಗೆ ಒಲ್ಲೆ ಎನ್ನಲಾಗದಾಗ ನಮ್ಮ ಮನೆಯಲ್ಲೂ ನೋಡೂಣ್ರಿ ಎಂದೇ ಹೇಳುತ್ತಿದ್ದರು. ಆಯಿಯ ಹಿಂದೆ, ಅಡುಗೆಮನೆಯ ಕಟ್ಟೆಯ ಮೇಲೆ, ಮನೆಯಲ್ಲೇ ಬಡಿದ ರೊಟ್ಟಿಯ ಬುಟ್ಟಿಯಿತ್ತು. ಅದನ್ನು ನೋಡಿದೆ. ಬರೆಯಲಿಲ್ಲ, ಅದರ ಬಗ್ಗೆ ಪ್ರಶ್ನೆ ಇರಲಿಲ್ಲ. ಮುಂದಿನ ಮನೆಗಳಲ್ಲೂ ನೋಡೂಣ್ರಿ ಎಂದಾಗಲೆಲ್ಲ ಹೌದು ಎಂಬಲ್ಲೇ ಗುರುತು ಹಾಕಿದೆ.

ಬಹುಪಾಲು ಮನೆಯವರು ಕೊಳ್ಳುತ್ತಾರೆ ಎಂದು ವರದಿ ಬರೆದೆ. ಅದನ್ನು ನಂಬಿ ಆಕೆ ಶಾಲೆಯ ಕೆಲಸ ಬಿಟ್ಟು ಲಕ್ಷ್ಮೇಶ್ವರದಲ್ಲಿ ಅಂಗಡಿ ಇಟ್ಟಳು. ರೊಟ್ಟಿ ಮಾರಾಟವಾಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅಂಗಡಿ ಮುಚ್ಚಿದಳು. ಆ ಹೊತ್ತಿಗೆ ಶಾಲೆಯ ಒಲೆಯ ಮುಂದೆ ಬೇರೊಬ್ಬಳಿದ್ದಳು.

ಕ್ಷಮೆ ಕೇಳಲೆಂದೇ ಅಡರಕಟ್ಟಿಗೆ ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆಕೆ ಊಟಕ್ಕೆ ಬಡಿಸಿದಳು, ಅದೇ ತೆಳ್ಳಗಿನ ರೊಟ್ಟಿ.

“ನನ್ನ ಕೈಯಾಗ ಏನರ ಫರಕ್ ಆಗೇತೇನ್ರಿ?” ಎಂದಳು.

ಇಲ್ಲ ಎಂದೆ. ತಪ್ಪು ನನ್ನದೆಂದು ಅಲ್ಲಿಯೇ ಹೇಳಬಹುದಿತ್ತು. ತುತ್ತು ನುಂಗಿದೆ.

“ಮತ್ತ ಸಾಲ್ಯಾಗ ನನ್ನ ತಗೋತಾರೇನಂತ ಒಂದ್ ಮಾತ್ ಕೇಳ್ತೀರೇನ್ರಿ, ಅಕ್ಕಾರ?”

“ನೋಡೂಣ್ರಿ,” ಎಂದೆ.

ಆಕೆ ಮತ್ತೆ ಕೇಳಲಿಲ್ಲ. ಬುಟ್ಟಿಗೆ ಬಟ್ಟೆ ಮುಚ್ಚಿ, “ಆತ್ರಿ. ಮಜ್ಜಿಗಿ ಹಾಕ್ಲೇನ್ರಿ?” ಎಂದಳು.